ಹೊಸ ಪಾರ್ಟ್ ಹಾಕಿಸಿದ ಮೇಲೂ ಕಾರು ಹೀಟ್ ಆಗುತ್ತಿದೆಯಾ? ಹಂತ ಹಂತವಾಗಿ ಹುಡುಕುವುದು ಹೀಗೆ

ಥರ್ಮೋಸ್ಟಾಟ್ (ಎಂಜಿನ್ ಬಿಸಿಯಾದಾಗ ಕೂಲೆಂಟನ್ನು, ಅಂದರೆ ತಂಪು ಮಾಡುವ ದ್ರವವನ್ನು, ರೇಡಿಯೇಟರ್ ಕಡೆ ಬಿಡುವ ವಾಲ್ವ್) ಬದಲಾಯಿಸಿದೆ, ಆದರೂ ಹೀಟ್. ರೇಡಿಯೇಟರ್ ಹೊಸದು ಹಾಕಿಸಿದೆ, ಆದರೂ ಹೀಟ್. ಈಗ ಏನು ಮಾಡಲಿ? ಈ ಪ್ರಶ್ನೆ ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಕೇಳುವವರಲ್ಲಿ ಹೆಚ್ಚಿನವರು ಮಾಡುವ ತಪ್ಪು ಒಂದೇ. ಈಗಷ್ಟೇ ಹಾಕಿಸಿದ ಪಾರ್ಟ್ ಮೇಲೆ ಅವರಿಗೆ ಅನುಮಾನವೇ ಬರುವುದಿಲ್ಲ. "ಅದು ಹೊಸದಲ್ವಾ" ಎಂದು ಅದನ್ನು ಬಿಟ್ಟು ಉಳಿದದ್ದನ್ನೆಲ್ಲ ಬಿಚ್ಚುತ್ತಾರೆ.

ನಾನೂ ಅದನ್ನೇ ಮಾಡಿದ್ದೆ. ನನ್ನದು ಹಳೆಯ ಪೆಟ್ರೋಲ್ ಕಾರು. ಹೋಸ್ ಪೈಪು ಬದಲಾಯಿಸುವಾಗ ಗ್ಯಾರೇಜಿನವರು "ಹೇಗೂ ಬಿಚ್ಚಿದ್ದೇವೆ, ಥರ್ಮೋಸ್ಟಾಟ್ ಕೂಡ ಹಾಕಿಬಿಡೋಣ" ಎಂದರು. ಸರಿ ಎಂದೆ. ಹದಿನೈದು ದಿನ ಕಳೆದು ಮಂಗಳೂರಿನಿಂದ ಬರುವಾಗ, ಗುಂಡ್ಯ ದಾಟಿ ಶಿರಾಡಿ ಘಾಟಿ ಹತ್ತುತ್ತಿದ್ದಂತೆ ಟೆಂಪರೇಚರ್ ಮುಳ್ಳು ಕೆಂಪಿಗೆ ಹೋಯಿತು. ಆಮೇಲೆ ರೇಡಿಯೇಟರ್ ಬದಲಾಯಿಸಿದೆ. ಫ್ಯಾನ್ ಮೋಟರ್ ಬದಲಾಯಿಸಿದೆ. ಹತ್ತು ಸಾವಿರದ ಮೇಲೆ ಹೋಯಿತು. ತಪ್ಪು ಇದ್ದದ್ದು ನಾಲ್ಕುನೂರು ರೂಪಾಯಿಯ ಆ ಹೊಸ ಥರ್ಮೋಸ್ಟಾಟ್‌ನಲ್ಲಿ. ಅದು ಗೊತ್ತಾಗಿದ್ದು ಒಂದು ಪಾತ್ರೆ ಬಿಸಿನೀರಿನಲ್ಲಿ.

ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಖರ್ಚಿಲ್ಲದ್ದು ಮೊದಲು, ಬಿಚ್ಚುವ ಕೆಲಸ ಆಮೇಲೆ.

ಮೊದಲು ಎಚ್ಚರಿಕೆ

ಬಿಸಿ ಎಂಜಿನ್‌ನ ರೇಡಿಯೇಟರ್ ಕ್ಯಾಪ್ ತೆಗೆಯಬೇಡಿ. ಬಟ್ಟೆ ಸುತ್ತಿಕೊಂಡು ನಿಧಾನಕ್ಕೆ ತಿರುಗಿಸುತ್ತೇನೆ ಎನ್ನುವುದೂ ಬೇಡ. ಒಳಗೆ ಒತ್ತಡದಲ್ಲಿ 100 ಡಿಗ್ರಿ ದಾಟಿದ ನೀರಿರುತ್ತದೆ. ಕ್ಯಾಪ್ ಸಡಿಲವಾದ ಕ್ಷಣ ಅದು ಕುದಿದು ಮುಖಕ್ಕೇ ಹಾರುತ್ತದೆ. ರೇಡಿಯೇಟರ್‌ನ ಮೇಲಿನ ಹೋಸ್ ಪೈಪನ್ನು ಅಂಗೈಯಲ್ಲಿ ಆರಾಮಾಗಿ ಹಿಡಿಯಲು ಆಗುವವರೆಗೆ ಕಾಯಿರಿ. ಒಂದು ಗಂಟೆಯಾದರೂ ಬೇಕು.

ಕೂಲೆಂಟ್‌ನಲ್ಲಿರುವ ಎಥಿಲೀನ್ ಗ್ಲೈಕಾಲ್ ವಿಷ. ರುಚಿ ಸಿಹಿ, ಹಾಗಾಗಿ ನಾಯಿ ಬೆಕ್ಕುಗಳು ನೆಕ್ಕುತ್ತವೆ. ನೆಲಕ್ಕೆ ಚೆಲ್ಲಿದ್ದನ್ನು ಕೂಡಲೇ ತೊಳೆಯಿರಿ.

ದಾರಿಯಲ್ಲೇ ಮುಳ್ಳು ಏರಿದರೆ ಎಸಿ ಬಂದ್ ಮಾಡಿ, ಹೀಟರ್ ಫುಲ್ ಬಿಸಿಗೆ ಇಟ್ಟು ಬ್ಲೋವರ್ ಜೋರು ಮಾಡಿ, ಪಕ್ಕಕ್ಕೆ ನಿಲ್ಲಿಸಿ. ಹಬೆ ಕಂಡರೆ ಎಂಜಿನ್ ಆಫ್ ಮಾಡಿ. ಏರಿದ್ದ ಮುಳ್ಳು ದಿಢೀರನೆ ಕೆಳಗೆ ಬಿದ್ದರೆ ಖುಷಿಪಡಬೇಡಿ. ಕೂಲೆಂಟ್ ಪೂರ್ತಿ ಸೋರಿಹೋಗಿ ಸೆನ್ಸರ್ ಗಾಳಿಯಲ್ಲಿ ನಿಂತಾಗಲೂ ಹೀಗೇ ಆಗುತ್ತದೆ. ಆ ಸ್ಥಿತಿಯಲ್ಲಿ ಇನ್ನೆರಡು ಕಿಲೋಮೀಟರ್ ಓಡಿಸಿದರೆ ಹೆಡ್ (ಎಂಜಿನ್‌ನ ಮೇಲ್ಭಾಗ) ಬೆಂಡ್ ಆಗುತ್ತದೆ.

ಬೇಕಾಗುವ ಸಾಮಾನು

10 ಮತ್ತು 12 ನಂಬರ್ ಸ್ಪ್ಯಾನರ್, ಹೋಸ್ ಕ್ಲಿಪ್ ಒತ್ತಲು ಇಕ್ಕಳ, ಸ್ಕ್ರೂಡ್ರೈವರ್, ಟಾರ್ಚ್, ಅಗಲ ಬಾಯಿಯ ಟಬ್, ಆಲಿಕೆ. ಥರ್ಮೋಸ್ಟಾಟ್ ಪರೀಕ್ಷೆಗೆ ಒಂದು ಹಳೆಯ ಪಾತ್ರೆ, ಹೊಲಿಗೆ ದಾರ, ಅಡುಗೆಗೆ ಬಳಸುವ ಡಿಜಿಟಲ್ ಥರ್ಮಾಮೀಟರ್. ಜ್ವರ ನೋಡುವ ಥರ್ಮಾಮೀಟರ್ ಆಗುವುದಿಲ್ಲ, ಅದರ ಅಳತೆ 42ರ ಆಸುಪಾಸಿನಲ್ಲೇ ಮುಗಿಯುತ್ತದೆ. (ನಗಬೇಡಿ, ಒಬ್ಬರು ಹಾಕಿ ಒಡೆದುಕೊಂಡಿದ್ದಾರೆ.)

ಒಬಿಡಿ ಅಡಾಪ್ಟರ್ ಒಂದಿದ್ದರೆ ಬಹಳ ಒಳ್ಳೆಯದು. ಸ್ಟೀರಿಂಗ್ ಕೆಳಗಿನ ಸಾಕೆಟ್‌ಗೆ ಚುಚ್ಚಿದರೆ ಕೂಲೆಂಟ್ ಎಷ್ಟು ಡಿಗ್ರಿ ಇದೆ ಎಂದು ಮೊಬೈಲ್‌ನಲ್ಲಿ ಕಾಣುತ್ತದೆ. ಡ್ಯಾಶ್‌ಬೋರ್ಡಿನ ಮುಳ್ಳು ನಿಜ ಹೇಳುವುದು ಕಡಿಮೆ. ಬಹಳಷ್ಟು ಕಾರುಗಳಲ್ಲಿ 80ರಿಂದ 100ರವರೆಗೂ ಅದು ನಡುವೆಯೇ ನಿಂತಿರುತ್ತದೆ. ಈಗಿನ ಕೆಲವು ಕಾರುಗಳಲ್ಲಂತೂ ಮುಳ್ಳೇ ಇಲ್ಲ, ಒಂದು ಕೆಂಪು ದೀಪ ಅಷ್ಟೇ. ಅದು ಹೊತ್ತಿಕೊಳ್ಳುವ ಹೊತ್ತಿಗೆ ತಡವಾಗಿರುತ್ತದೆ.

ಹಂತ 1: ಯಾವಾಗ ಹೀಟ್ ಆಗುತ್ತದೆ, ಬರೆದಿಡಿ

ಒಂದು ಚೀಟಿಯಲ್ಲಿ ಎರಡು ವಿಷಯ ಬರೆಯಿರಿ. ಯಾವ ಪಾರ್ಟ್ ಯಾವತ್ತು ಬದಲಾಯಿತು? ಮೊದಲ ಸಲ ಹೀಟ್ ಆಗಿದ್ದು ಯಾವತ್ತು? ಈ ಎರಡು ದಿನಗಳು ಹತ್ತಿರ ಇದ್ದರೆ ಅರ್ಧ ಉತ್ತರ ಸಿಕ್ಕಿತು.

ಆಮೇಲೆ ಹೀಟ್ ಆಗುವ ರೀತಿ ನೋಡಿ. ಸಿಗ್ನಲ್‌ನಲ್ಲಿ ನಿಂತಾಗ ಏರಿ, ಓಡುವಾಗ ಇಳಿದರೆ ಅನುಮಾನ ಫ್ಯಾನ್ ಮೇಲೆ. ಊರೊಳಗೆ ಸರಿಯಿದ್ದು ಹೈವೇಯಲ್ಲಿ, ಘಾಟಿಯಲ್ಲಿ ಏರಿದರೆ ಪೂರ್ತಿ ತೆರೆಯದ ಥರ್ಮೋಸ್ಟಾಟ್, ಕಟ್ಟಿಕೊಂಡ ರೇಡಿಯೇಟರ್, ಇಲ್ಲವೇ ವಾಟರ್ ಪಂಪ್. ಸ್ಟಾರ್ಟ್ ಮಾಡಿದ ಹತ್ತು ನಿಮಿಷದಲ್ಲೇ ಏರಿದರೆ ಮುಚ್ಚಿಯೇ ಇರುವ ಥರ್ಮೋಸ್ಟಾಟ್ ಅಥವಾ ಏರ್ ಲಾಕ್ (ಒಳಗೆ ಸಿಕ್ಕಿಕೊಂಡ ಗಾಳಿ). ಎಲ್ಲೂ ಸೋರದೆ ಕೂಲೆಂಟ್ ಮಾತ್ರ ಕಡಿಮೆಯಾಗುತ್ತಿದ್ದರೆ ಕ್ಯಾಪ್ ಅಥವಾ ಹೆಡ್ ಗ್ಯಾಸ್ಕೆಟ್ (ಹೆಡ್ ಮತ್ತು ಎಂಜಿನ್ ಬ್ಲಾಕ್ ನಡುವಿನ ಸೀಲ್).

ಹಂತ 2: ತಣ್ಣಗಿರುವಾಗ ಕಣ್ಣಲ್ಲೇ ನೋಡುವುದು

ಬೆಳಿಗ್ಗೆ ಸ್ಟಾರ್ಟ್ ಮಾಡುವ ಮೊದಲು ಬಾನೆಟ್ ಎತ್ತಿ. ಕ್ಯಾಪ್ ತೆಗೆದರೆ ಕೂಲೆಂಟ್ ಕುತ್ತಿಗೆಯವರೆಗೆ ಇರಬೇಕು. ಪಕ್ಕದ ಪ್ಲಾಸ್ಟಿಕ್ ಡಬ್ಬಿಯಲ್ಲಿ ತುಂಬಿದೆ ಎಂದು ಸಮಾಧಾನಪಡಬೇಡಿ. ಡಬ್ಬಿ ತುಂಬಿದ್ದು ರೇಡಿಯೇಟರ್ ಖಾಲಿ ಇರುವುದು ಮಾಮೂಲಿ. ಕ್ಯಾಪ್ ಕೆಟ್ಟಿದ್ದರೆ ಹಾಗೇ ಆಗುತ್ತದೆ.

ಮೇಲಿನ ಹೋಸ್ ಒಳಕ್ಕೆ ಚಪ್ಪಟೆಯಾಗಿದೆಯೇ ನೋಡಿ. ಆಗಿದ್ದರೆ ಕ್ಯಾಪ್‌ನ ನಡುವಿನ ಚಿಕ್ಕ ವಾಲ್ವ್ ಅಂಟಿಕೊಂಡಿದೆ, ತಣ್ಣಗಾಗುವಾಗ ಡಬ್ಬಿಯಿಂದ ಕೂಲೆಂಟ್ ವಾಪಸ್ ಬರುತ್ತಿಲ್ಲ. ಕ್ಯಾಪ್ ಮೇಲೆ 0.9 ಅಥವಾ 1.1 ಎಂದು ಬರೆದಿರುತ್ತದೆ. ಅದು ಬಾರ್ ಲೆಕ್ಕದ ಒತ್ತಡ. 0.9 ಬಾರ್ ಒತ್ತಡದಲ್ಲಿ ಬರೀ ನೀರೇ ಆದರೂ ಸುಮಾರು 118 ಡಿಗ್ರಿಯವರೆಗೆ ಕುದಿಯುವುದಿಲ್ಲ. ಸ್ಪ್ರಿಂಗ್ ಸಡಿಲವಾದ ಡ್ಯೂಪ್ಲಿಕೇಟ್ ಕ್ಯಾಪ್ ಹಾಕಿದರೆ ಅಷ್ಟು ಹೊತ್ತು ತಡೆಯುವುದಿಲ್ಲ, ಡಬ್ಬಿಗೆ ಉಕ್ಕಿಸಿಬಿಡುತ್ತದೆ. ಹಾಗಂತ ಜಾಸ್ತಿ ನಂಬರಿನದ್ದು ಹಾಕಿದರೆ ಒಳ್ಳೆಯದಲ್ವಾ ಎಂದು ಕೇಳಬೇಡಿ. ಹಳೆಯ ರೇಡಿಯೇಟರಿನ ಪ್ಲಾಸ್ಟಿಕ್ ಟ್ಯಾಂಕ್ ಬಿರುಕು ಬಿಡುತ್ತದೆ.

ರೇಡಿಯೇಟರ್ ಬದಲಾಯಿಸಿದ್ದರೆ ಫ್ಯಾನ್ ಸುತ್ತಲಿನ ಪ್ಲಾಸ್ಟಿಕ್ ಕವರ್ ಮರಳಿ ಹಾಕಿದ್ದಾರೆಯೇ ನೋಡಿ. ಹೊಂದಲಿಲ್ಲ ಎಂದು ಬಿಟ್ಟುಬಿಡುವವರಿದ್ದಾರೆ. ಆಗ ಫ್ಯಾನ್ ತಿರುಗಿದರೂ ಗಾಳಿ ಜಾಲರಿಯ ಮೂಲಕ ಬರದೆ ಬದಿಯಿಂದ ನುಗ್ಗುತ್ತದೆ. ಹೊಸ ಕೆಳಗಿನ ಹೋಸ್ ಹಾಕಿದ್ದರೆ, ಹಳೆಯದರೊಳಗೆ ಸ್ಪ್ರಿಂಗ್ ಇತ್ತೇ, ಹೊಸದರಲ್ಲಿದೆಯೇ ವಿಚಾರಿಸಿ. ಸ್ಪ್ರಿಂಗ್ ಇಲ್ಲದ ಮೆತ್ತನೆಯ ಹೋಸನ್ನು ಜೋರು ವೇಗದಲ್ಲಿ ಪಂಪ್ ಎಳೆದು ಚಪ್ಪಟೆ ಮಾಡುತ್ತದೆ.

ಹಂತ 3: ಏರ್ ಲಾಕ್ ತೆಗೆಯಿರಿ

ಪಾರ್ಟ್‌ಗೆ ಬೈಯುವ ಮೊದಲು ಇದನ್ನು ಮಾಡಲೇಬೇಕು. ಕೂಲೆಂಟ್ ಖಾಲಿ ಮಾಡಿ ಯಾವ ಪಾರ್ಟ್ ಹಾಕಿದರೂ ಒಳಗೆ ಗಾಳಿ ಸೇರುತ್ತದೆ. ಆ ಗಾಳಿಗುಳ್ಳೆ ಥರ್ಮೋಸ್ಟಾಟ್ ಹತ್ತಿರ ನಿಂತರೆ ಒಳ್ಳೆಯ ಥರ್ಮೋಸ್ಟಾಟ್ ಕೂಡ ತೆರೆಯುವುದಿಲ್ಲ, ಬಿಸಿ ನೀರು ಅದಕ್ಕೆ ತಾಗುವುದೇ ಇಲ್ಲವಲ್ಲ.

ಗುರುತುಗಳು: ಡ್ಯಾಶ್‌ಬೋರ್ಡಿನ ಹಿಂದೆ ಗುಳು ಗುಳು ಸದ್ದು. ಮುಳ್ಳು ಮೇಲಿದ್ದರೂ ಹೀಟರಿನಿಂದ ತಣ್ಣನೆಯ ಗಾಳಿ. ಮುಳ್ಳು ಏರಿ ಇಳಿದು ಆಡುವುದು.

ಕಾರಿನ ಮೂತಿ ಮೇಲಿರುವಂತೆ ಏರಿನಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು ಚಕ್ರಕ್ಕೆ ಕಲ್ಲು ಕೊಡಿ. ಎಂಜಿನ್ ತಣ್ಣಗಿರಲಿ. ಕ್ಯಾಪ್ ತೆಗೆದು, ಹೀಟರ್ ಫುಲ್ ಬಿಸಿಗೆ ತಿರುಗಿಸಿ. ಕೂಲೆಂಟನ್ನು ನಿಧಾನವಾಗಿ, ದಾರದಂತೆ ಸುರಿಯಿರಿ. ಗಡಿಬಿಡಿಯಲ್ಲಿ ಸುರಿದರೆ ಗಾಳಿ ಕೆಳಗೇ ಸಿಕ್ಕಿಕೊಳ್ಳುತ್ತದೆ. ನಡುನಡುವೆ ಮೇಲಿನ ಮತ್ತು ಕೆಳಗಿನ ಹೋಸನ್ನು ಹಾಲು ಕರೆದಂತೆ ಹಿಂಡಿ. ಗುಳ್ಳೆ ಬರುತ್ತದೆ, ಮಟ್ಟ ಇಳಿಯುತ್ತದೆ, ಮತ್ತೆ ಸುರಿಯಿರಿ. ಗಾಳಿ ಬಿಡುವ ಸ್ಕ್ರೂ ಇರುವ ಕಾರಾದರೆ ಅದನ್ನು ಸಡಿಲಿಸಿ, ಗುಳ್ಳೆಯಿಲ್ಲದ ಧಾರೆ ಬಂದಮೇಲೆ ಬಿಗಿ ಮಾಡಿ.

ಈಗ ಸ್ಟಾರ್ಟ್ ಮಾಡಿ ಐಡಲ್‌ನಲ್ಲಿ ಬಿಡಿ. ಮುಖ ದೂರ ಇರಲಿ. ಕೂಲೆಂಟ್ ಉಕ್ಕಿ ಬರಲು ಶುರುವಾದ ಕೂಡಲೇ ಕ್ಯಾಪ್ ಹಾಕಿ. ಫ್ಯಾನ್ ಎರಡು ಸಲ ಆನ್ ಆಗಿ ಆಫ್ ಆಗುವವರೆಗೆ ಬಿಟ್ಟು, ಆಫ್ ಮಾಡಿ, ಪೂರ್ತಿ ತಣ್ಣಗಾದ ಮೇಲೆ ಮಟ್ಟ ನೋಡಿ. ಸಾಮಾನ್ಯವಾಗಿ ಮತ್ತೆ ಅರ್ಧ ಲೀಟರ್ ಹಿಡಿಯುತ್ತದೆ. ಮಾರನೆಯ ಬೆಳಿಗ್ಗೆಯೂ ಒಮ್ಮೆ ನೋಡಿ. ಹೊಸ ಪಾರ್ಟ್ ಕೆಟ್ಟಿದೆ ಎಂದು ನನಗೆ ತೋರಿಸಿದ ಎಷ್ಟೋ ಕಾರುಗಳು ಈ ಹಂತದಲ್ಲೇ ಸರಿಹೋಗಿವೆ.

ಸುರಿಯಲು ಬೋರ್‌ವೆಲ್ ನೀರು ಬೇಡವೇ ಬೇಡ. ಸ್ಟೀಲ್ ಪಾತ್ರೆಯ ತಳದಲ್ಲಿ ಕಟ್ಟುವ ಆ ಬಿಳಿ ಪದರವೇ ರೇಡಿಯೇಟರ್ ಒಳಗೂ ಕಟ್ಟುತ್ತದೆ. ಡಿಸ್ಟಿಲ್ಡ್ ವಾಟರ್ ಮತ್ತು ಕೂಲೆಂಟ್ ಅರ್ಧಕ್ಕರ್ಧ ಬೆರೆಸಿ. ಕೊಂಡ ಕೂಲೆಂಟ್‌ನ ಡಬ್ಬಿಯ ಮೇಲೆ ಮೊದಲೇ ಬೆರೆಸಿದ್ದು ಎಂದಿದ್ದರೆ ಮತ್ತೆ ನೀರು ಸೇರಿಸಬೇಡಿ.

ಹಂತ 4: ಎರಡು ಹೋಸ್, ಒಂದು ಕೈ

ತಣ್ಣನೆ ಎಂಜಿನ್ ಸ್ಟಾರ್ಟ್ ಮಾಡಿ ಮೇಲಿನ ಹೋಸ್ ಆಗಾಗ ಮುಟ್ಟಿ ನೋಡುತ್ತಿರಿ. ಫ್ಯಾನ್ ಮತ್ತು ಬೆಲ್ಟಿನಿಂದ ಕೈ, ಶರ್ಟಿನ ತೋಳು ದೂರ ಇರಲಿ. ಥರ್ಮೋಸ್ಟಾಟ್ ಮೇಲಿನ ಹೋಸ್ ಕಡೆ ಇರುವ ಕಾರುಗಳಲ್ಲಿ ಮೊದಲು ಅದು ಉಗುರು ಬೆಚ್ಚಗೆ ಮಾತ್ರ ಇದ್ದು, ಮೊಬೈಲ್‌ನಲ್ಲಿ 82ರಿಂದ 90 ತೋರಿಸುವ ಹೊತ್ತಿಗೆ ಒಮ್ಮೆಲೇ ಬಿಸಿಯಾಗಬೇಕು. ಸ್ವಲ್ಪ ಹೊತ್ತಿಗೆ ಕೆಳಗಿನದೂ ಬೆಚ್ಚಗಾಗಬೇಕು. 100 ದಾಟಿದರೂ ಹೋಸ್ ತಣ್ಣಗೇ ಇದ್ದರೆ ಥರ್ಮೋಸ್ಟಾಟ್ ತೆರೆದಿಲ್ಲ. ಆಫ್ ಮಾಡಿ, ಹಂತ 6ಕ್ಕೆ ಹೋಗಿ.

ಕೆಲವು ಎಂಜಿನ್‌ಗಳಲ್ಲಿ ಥರ್ಮೋಸ್ಟಾಟ್ ಇರುವುದು ಕೆಳಗಿನ ಹೋಸ್ ಕಡೆ. ಅಲ್ಲಿ ಮೇಲಿನ ಹೋಸ್ ಬೇಗ ಬಿಸಿಯಾಗುವುದು ತಪ್ಪಲ್ಲ, ಕೆಳಗಿನದು ಬಿಸಿಯಾಗುತ್ತದೆಯೇ ನೋಡಬೇಕು.

ಹಂತ 5: ಫ್ಯಾನ್ ಯಾವ ಕಡೆ ಊದುತ್ತಿದೆ?

ಎಸಿ ಹಾಕಿ. ಫ್ಯಾನ್ ತಿರುಗಬೇಕು. ತಿರುಗದಿದ್ದರೆ ಫ್ಯೂಸ್, ರಿಲೇ, ವೈರ್ ನೋಡಿ. ತಿರುಗಿದರೂ ಕೆಲಸ ಮುಗಿಯಲಿಲ್ಲ. ಹೊಸ ಮೋಟರ್ ಹಾಕುವಾಗ ಎರಡು ವೈರ್ ಅದಲುಬದಲಾದರೆ ಅದು ಹಿಂದುಮುಂದಾಗಿ ತಿರುಗುತ್ತದೆ. ಒಂದು ಹಾಳೆ ಪೇಪರನ್ನು ಗ್ರಿಲ್ ಮುಂದೆ ಹಿಡಿಯಿರಿ. ಅದು ಜಾಲರಿಗೆ ಅಂಟಿಕೊಳ್ಳಬೇಕು. ಹೊರಗೆ ಹಾರಿದರೆ ಫ್ಯಾನ್ ಉಲ್ಟಾ.

ಹಂತ 6: ಹೊಸ ಥರ್ಮೋಸ್ಟಾಟ್‌ಗೆ ಬಿಸಿನೀರಿನ ಪರೀಕ್ಷೆ

ಎಂಜಿನ್ ಪೂರ್ತಿ ತಣ್ಣಗಿರುವಾಗ ಕೂಲೆಂಟನ್ನು ಟಬ್‌ಗೆ ಇಳಿಸಿ. ಹೌಸಿಂಗ್‌ನ ಎರಡು ಮೂರು ಬೋಲ್ಟ್ ಬಿಚ್ಚಿ ಥರ್ಮೋಸ್ಟಾಟ್ ತೆಗೆಯಿರಿ. ತೆಗೆಯುವಾಗಲೇ ಅದು ಹೇಗೆ ಕೂತಿತ್ತು ಎಂದು ಮೊಬೈಲ್‌ನಲ್ಲಿ ಫೋಟೋ ಹೊಡೆದುಕೊಳ್ಳಿ. ಸ್ಪ್ರಿಂಗ್ ಮತ್ತು ಮೇಣದ ಗುಂಡಿ ಇರುವ ಬದಿ ಎಂಜಿನ್ ಕಡೆಗೇ ಇರಬೇಕು. ತಿರುಗಾಮುರುಗಾ ಹಾಕಿದ್ದರೆ ಕಾರಣ ಅಲ್ಲೇ ಸಿಕ್ಕಿತು.

ಇದರ ಕೆಲಸ ಸರಳ. ಲೋಹದ ಗುಂಡಿಯೊಳಗೆ ಮೇಣ ತುಂಬಿದೆ. ಬಿಸಿಗೆ ಮೇಣ ಕರಗಿ ಹಿಗ್ಗಿ ಕಡ್ಡಿಯನ್ನು ತಳ್ಳುತ್ತದೆ, ವಾಲ್ವ್ ತೆರೆಯುತ್ತದೆ. ಅಗ್ಗದ ಪಾರ್ಟ್‌ಗಳಲ್ಲಿ ಮೇಣವೇ ಸರಿ ಇರುವುದಿಲ್ಲ, ಅಥವಾ ಕಡ್ಡಿ ನಡುವೆ ಹಿಡಿದುಕೊಳ್ಳುತ್ತದೆ. ಅಂಚಿನಲ್ಲಿ ಅದು ತೆರೆಯಲು ಶುರುವಾಗುವ ಡಿಗ್ರಿ ಕೊರೆದಿರುತ್ತದೆ, ಸಾಮಾನ್ಯವಾಗಿ 82 ಅಥವಾ 88.

1. ವಾಲ್ವ್‌ನ ಸಂದಿಯನ್ನು ಬೆರಳಿನಿಂದ ಬಿಡಿಸಿ ದಾರ ಸಿಕ್ಕಿಸಿ ಬಿಡಿ. ಥರ್ಮೋಸ್ಟಾಟ್ ಆ ದಾರದಲ್ಲೇ ನೇತಾಡಬೇಕು.
2. ತಣ್ಣೀರಿನ ಪಾತ್ರೆಯಲ್ಲಿ ಮುಳುಗಿಸಿ ಹಿಡಿಯಿರಿ. ತಳಕ್ಕೆ ತಾಗಬಾರದು, ತಳ ನೀರಿಗಿಂತ ಬಿಸಿ. ಥರ್ಮಾಮೀಟರ್ ತುದಿ ಅದರ ಪಕ್ಕದಲ್ಲೇ ಇರಲಿ.
3. ಸಣ್ಣ ಉರಿಯಲ್ಲಿ ಕಾಯಿಸಿ, ಆಗಾಗ ಕಲಕಿ. 75 ದಾಟಿದ ಮೇಲೆ ಅವಸರ ಬೇಡ.
4. ದಾರದಿಂದ ಜಾರಿ ಅದು ಕೆಳಗೆ ಬಿದ್ದ ಡಿಗ್ರಿ ಬರೆದುಕೊಳ್ಳಿ. ಕೊರೆದ ಅಂಕಿಯಿಂದ ಎರಡು ಮೂರು ಡಿಗ್ರಿ ಆಚೀಚೆ ಇದ್ದರೆ ಸರಿ.
5. ಈಗ ಇಕ್ಕಳದಲ್ಲಿ ಹಿಡಿದು ಕಾಯಿಸುತ್ತಾ ಹೋಗಿ. 82ರದ್ದು 95ರ ಹೊತ್ತಿಗೆ ಸುಮಾರು 8 ಮಿ.ಮೀ. ತೆರೆದಿರಬೇಕು.
6. ಹೊರತೆಗೆದು ಬಿಡಿ. ಪೂರ್ತಿ ಮುಚ್ಚಿಕೊಳ್ಳಬೇಕು. ಮೂರು ಸಲ ಮಾಡಿ ನೋಡಿ.

ಒಂದು ವಿಷಯ ನೆನಪಿರಲಿ. ಬೆಂಗಳೂರಿನಲ್ಲಿ ನೀರು 100ಕ್ಕಲ್ಲ, ಸುಮಾರು 97ಕ್ಕೇ ಕುದಿಯುತ್ತದೆ. ಮಡಿಕೇರಿಯಲ್ಲಿ ಇನ್ನೂ ಸ್ವಲ್ಪ ಕಡಿಮೆ. ಹಾಗಾಗಿ 88ರ ಥರ್ಮೋಸ್ಟಾಟ್ ಕುದಿಯುವ ನೀರಿನಲ್ಲೂ ಪೂರ್ತಿ ತೆರೆಯಲಿಲ್ಲ ಎಂದು ಕೆಟ್ಟಿದೆ ಅನ್ನಬೇಡಿ. ಅದು ಶುರುವಾದ ಡಿಗ್ರಿಯನ್ನಷ್ಟೇ ನಂಬಿ. ಇನ್ನೊಂದು ಲಾಭ: ಕುದಿಯುವಾಗ ಥರ್ಮಾಮೀಟರ್ 97ರ ಹತ್ತಿರ ತೋರಿಸಿದರೆ ಅದೂ ಸರಿ ಇದೆ ಎಂದು ಖಾತ್ರಿಯಾಯಿತು. ಮಂಗಳೂರು, ಕಾರವಾರದವರಿಗೆ ಈ ಲೆಕ್ಕ ಬೇಡ, ಅಲ್ಲಿ 100.

ಹಳೆಯ ಪಾರ್ಟ್ ಇದ್ದರೆ ಎರಡನ್ನೂ ಒಟ್ಟಿಗೆ ಮುಳುಗಿಸಿ. ನನ್ನ ಹಳೆಯದು ಪುಣ್ಯಕ್ಕೆ ಡಿಕ್ಕಿಯಲ್ಲೇ ಬಿದ್ದಿತ್ತು. ಎರಡರ ಮೇಲೂ 82 ಎಂದು ಕೊರೆದಿತ್ತು. ಹಳೆಯದು 83ಕ್ಕೆ ದಾರ ಬಿಟ್ಟಿತು. ಹೊಸದು 91ರವರೆಗೂ ದಾರ ಕಚ್ಚಿಕೊಂಡೇ ಇತ್ತು. ನೀರು ಕೊತಕೊತ ಕುದಿಯುವಾಗಲೂ ಅದು ತೆರೆದದ್ದು 3 ಮಿ.ಮೀ. ಊರೊಳಗೆ ಅಷ್ಟು ಸಂದಿ ಸಾಕಾಗಿತ್ತು, ಘಾಟಿಯಲ್ಲಿ ಸಾಲಲಿಲ್ಲ. ಚೆನ್ನಾಗಿದ್ದದ್ದನ್ನು ತೆಗೆಸಿ ಕೆಟ್ಟದ್ದನ್ನು ಹಾಕಿಸಿಕೊಂಡಿದ್ದೆ.

ಆ ಪಾತ್ರೆಯನ್ನು ಮತ್ತೆ ಅಡುಗೆಗೆ ಬಳಸಬೇಡಿ. ನನ್ನ ಹೆಂಡತಿ ಅದನ್ನು ಅಡುಗೆಮನೆಯ ಹೊಸಿಲು ದಾಟಲು ಬಿಡಲಿಲ್ಲ, ಸರಿಯೇ ಮಾಡಿದಳು.

ಪರೀಕ್ಷೆ ಪಾಸಾದರೂ ಆಕಾರ ಹೋಲಿಸಿ ನೋಡಿ. ಕೆಲವು ಥರ್ಮೋಸ್ಟಾಟ್‌ಗಳ ಕೆಳಗೆ ಇನ್ನೊಂದು ಚಿಕ್ಕ ತಟ್ಟೆ ಇರುತ್ತದೆ. ಮೇಲಿನ ವಾಲ್ವ್ ತೆರೆದಾಗ ಆ ತಟ್ಟೆ ಬೈಪಾಸ್ ದಾರಿಯನ್ನು ಮುಚ್ಚುತ್ತದೆ. ತಟ್ಟೆ ಇಲ್ಲದ್ದನ್ನು ಹಾಕಿದರೆ ಅರ್ಧ ಬಿಸಿನೀರು ರೇಡಿಯೇಟರ್‌ಗೆ ಹೋಗದೆ ಎಂಜಿನ್ ಒಳಗೇ ಸುತ್ತುತ್ತದೆ. ಅಳತೆಯಲ್ಲಿ ಸರಿಯಾಗಿ ಕೂತುಬಿಡುವುದರಿಂದ ಈ ತಪ್ಪು ಯಾರಿಗೂ ಕಾಣುವುದಿಲ್ಲ.

"ಥರ್ಮೋಸ್ಟಾಟ್ ಕಿತ್ತು ಬಿಸಾಕಿ ಸಾರ್, ನಮ್ಮ ಸೆಕೆಗೆ ಅದು ಯಾಕೆ" ಎನ್ನುವ ಸಲಹೆ ಸಿಕ್ಕೇ ಸಿಗುತ್ತದೆ. ಕೇಳಬೇಡಿ. ಬೈಪಾಸ್ ತಟ್ಟೆ ಇರುವ ಎಂಜಿನ್‌ನಲ್ಲಿ ಅದನ್ನು ಕಿತ್ತರೆ ಹೀಟ್ ಇನ್ನೂ ಜಾಸ್ತಿಯಾಗಬಹುದು. ಉಳಿದವುಗಳಲ್ಲಿ ಎಂಜಿನ್ ಸದಾ ತಣ್ಣಗೆ ಓಡಿ ಪೆಟ್ರೋಲ್ ಕುಡಿಯುತ್ತದೆ.

ಹಂತ 7: ವಾಟರ್ ಪಂಪ್

ಬದಲಾಗಿದ್ದು ಪಂಪ್ ಆದರೆ ಹಳೆಯದನ್ನೂ ಹೊಸದನ್ನೂ ಪಕ್ಕಪಕ್ಕ ಇಟ್ಟು ನೋಡಬೇಕಿತ್ತು. ರೆಕ್ಕೆಗಳ ಎತ್ತರ, ಅಗಲ, ಬಾಗಿದ ದಿಕ್ಕು ಮೂರೂ ಒಂದೇ ಇರಬೇಕು. ಈಗಾಗಲೇ ಹಾಕಿಯಾಗಿದ್ದರೆ ಕೆಳಗಿನ ಚಿಕ್ಕ ತೂತಿನಿಂದ ಹನಿಯುತ್ತಿದೆಯೇ, ಬೆಲ್ಟ್ ಜಾರುತ್ತಿದೆಯೇ ನೋಡಿ. ಟೈಮಿಂಗ್ ಬೆಲ್ಟ್‌ನಿಂದ ಓಡುವ ಪಂಪ್ ಆದರೆ ಮನೆಯಲ್ಲಿ ಕೈ ಹಾಕಬೇಡಿ.

ಹಂತ 8: ಹೆಡ್ ಗ್ಯಾಸ್ಕೆಟ್ ಉಳಿದಿದೆಯೇ?

ಒಂದೆರಡು ಸಲ ಜೋರಾಗಿ ಹೀಟ್ ಆಗಿದ್ದರೆ ಇದನ್ನು ನೋಡದೆ ಮುಂದೆ ಹೋಗಬೇಡಿ. ತಣ್ಣನೆ ಎಂಜಿನ್ ಸ್ಟಾರ್ಟ್ ಮಾಡಿ ಎರಡೇ ನಿಮಿಷದಲ್ಲಿ ಮೇಲಿನ ಹೋಸ್ ಕಲ್ಲಿನಂತಾದರೆ, ರೇಡಿಯೇಟರ್ ಬಾಯಲ್ಲಿ ಗುಳ್ಳೆ ನಿಲ್ಲದೆ ಬರುತ್ತಿದ್ದರೆ, ಸೈಲೆನ್ಸರಿನಿಂದ ಸಿಹಿ ವಾಸನೆಯ ಬಿಳಿ ಹೊಗೆ ಬಂದರೆ ಗ್ಯಾಸ್ಕೆಟ್ ಹೋಗಿದೆ. ಡಿಪ್‌ಸ್ಟಿಕ್‌ನಲ್ಲಿ ಎಣ್ಣೆ ಹಾಲು ಹಾಕಿದ ಕಾಫಿಯಂತೆ ಕಂಡರೂ ಅದೇ. ಆಯಿಲ್ ಕ್ಯಾಪ್ ಒಳಗೆ ಮಾತ್ರ ಸ್ವಲ್ಪ ಬಿಳಿ ನೊರೆ ಇದ್ದರೆ ಗಾಬರಿ ಬೇಡ, ಮಳೆಗಾಲದಲ್ಲಿ ಹತ್ತಿರ ಹತ್ತಿರ ಓಡಿಸುವ ಕಾರುಗಳಲ್ಲಿ ಅದು ಬರುತ್ತದೆ.

ಅನುಮಾನ ಉಳಿದರೆ ಗ್ಯಾರೇಜಿನಲ್ಲಿ ನೀಲಿ ದ್ರವದ ಪರೀಕ್ಷೆ ಮಾಡಿಸಿ. ಸಿಲಿಂಡರಿನ ಗ್ಯಾಸ್ ಕೂಲೆಂಟ್‌ಗೆ ಸೇರಿದ್ದರೆ ದ್ರವ ಹಳದಿಗೆ ತಿರುಗುತ್ತದೆ. ಗ್ಯಾಸ್ಕೆಟ್ ಬದಲಾಯಿಸುವುದಾದರೆ ಹೆಡ್ಡನ್ನು ಲೇಥ್‌ಗೆ ಕಳಿಸಿ ಮಟ್ಟ ನೋಡಿಸಿಯೇ ಹಾಕಿಸಿ.

ಹಂತ 9: ಮರಳಿ ಜೋಡಿಸುವುದು, ಓಡಿಸಿ ನೋಡುವುದು

ಹೌಸಿಂಗ್‌ನ ಎರಡೂ ಮುಖ ಸ್ವಚ್ಛ ಮಾಡಿ. ಗ್ಯಾಸ್ಕೆಟ್ ಅಥವಾ ರಬ್ಬರ್ ರಿಂಗ್ ಹೊಸದೇ ಹಾಕಿ. ರಬ್ಬರ್ ರಿಂಗ್ ಇರುವಲ್ಲಿ ಗ್ಯಾಸ್ಕೆಟ್ ಪೇಸ್ಟ್ ಬಳಿಯಬೇಡಿ, ಹಿಂಡಿದ ಪೇಸ್ಟ್ ಒಳಗೆ ಹೋಗಿ ಕಟ್ಟಿಕೊಳ್ಳುತ್ತದೆ. ನಿಂತಂತೆ ಕೂರುವ ಥರ್ಮೋಸ್ಟಾಟ್ ಆದರೆ ಅಲ್ಲಾಡುವ ಚಿಕ್ಕ ಪಿನ್ ಮೇಲ್ಗಡೆ ಬರಬೇಕು, ಗಾಳಿ ಹೋಗುವುದು ಅಲ್ಲಿಂದಲೇ. ಬೋಲ್ಟ್‌ಗಳನ್ನು ಸ್ವಲ್ಪ ಸ್ವಲ್ಪವೇ ಸರದಿಯಂತೆ ಬಿಗಿ ಮಾಡಿ. ಅಲ್ಯೂಮಿನಿಯಂ ಹೌಸಿಂಗ್, ಜೋರು ತೋರಿಸಿದರೆ ಬಿರುಕು. ಆಮೇಲೆ ಹಂತ 3 ಮತ್ತೊಮ್ಮೆ, ಪೂರ್ತಿ.

ಮೊದಲು ಎಸಿ ಹಾಕಿ 20 ನಿಮಿಷ ನಿಂತಲ್ಲೇ ಓಡಿಸಿ. ಆಮೇಲೆ ಹೈವೇಯಲ್ಲಿ ಅರ್ಧ ಗಂಟೆ. ಕೊನೆಗೆ ಒಂದು ಏರು. ಬೆಂಗಳೂರಿನವರಿಗೆ ನಂದಿ ಬೆಟ್ಟ ಇದೆ. ಜನರಿಲ್ಲದ ವಾರದ ದಿನ ಹೋಗಿ, ಪಕ್ಕದಲ್ಲಿ ಕೂತವರು ಮೊಬೈಲ್ ನೋಡಲಿ. 85ರಿಂದ 100ರೊಳಗೆ ಆಡುತ್ತಿದ್ದರೆ ಆರಾಮಾಗಿ ಹತ್ತಿ. 105 ದಾಟಿ ಇನ್ನೂ ಏರುತ್ತಿದ್ದರೆ ನಿಲ್ಲಿಸಿ, "ಮೇಲೆ ಹೋಗಿ ನೋಡೋಣ" ಬೇಡ.

ಹಂತ 10: ಅಂಗಡಿಗೆ ವಾಪಸ್

ಬಿಲ್ ಮೇಲೆ ಪಾರ್ಟ್ ನಂಬರ್ ಬರೆಸಿಕೊಂಡಿದ್ದರೆ ಅರ್ಧ ಜಗಳ ಉಳಿಯಿತು. ಪ್ಯಾಕೆಟ್ ಬಿಸಾಕಬೇಡಿ. ಗ್ಯಾರೇಜಿನಲ್ಲಿ ಯಾವ ಪಾರ್ಟ್ ಬದಲಾಯಿಸಿದರೂ ಹಳೆಯದನ್ನು ಕೇಳಿ ತೆಗೆದುಕೊಳ್ಳಿ. ಬಿಸಿನೀರಿನ ಪರೀಕ್ಷೆಯನ್ನು ಥರ್ಮಾಮೀಟರ್ ಕಾಣುವಂತೆ ವಿಡಿಯೋ ಮಾಡಿಟ್ಟುಕೊಳ್ಳಿ.

ನಾನು ಹೋದಾಗ ಅಂಗಡಿಯವರು "ಫಿಟ್ ಮಾಡಿದ್ದು ವಾಪಸ್ ತಗೊಳ್ಳಲ್ಲ ಸಾರ್" ಎಂದರು. ವಿಡಿಯೋ ತೋರಿಸಿದೆ. ಎರಡು ಸಲ ನೋಡಿ, ಏನೂ ಮಾತಾಡದೆ ಒಳಗಿನಿಂದ ಇನ್ನೊಂದು ತಂದುಕೊಟ್ಟರು. ಮನೆಗೆ ತಂದು ಅದನ್ನೂ ಪಾತ್ರೆಗೆ ಹಾಕಿದೆ. 84ಕ್ಕೆ ದಾರ ಬಿಟ್ಟಿತು. ಆಮೇಲೇ ಸ್ಪ್ಯಾನರ್ ಕೈಗೆತ್ತಿಕೊಂಡೆ.